ಹಲವು ಕಥೆಗಳ ಚಿತ್ರದಲ್ಲಿ ಬಿಡಿಕಥೆಗಳು ಒಂದಕ್ಕೊಂದು ಸೇರಲೇಬೇಕೆ?

ಸೇರಲೇಬೇಕೆಂಬ ನಿಯಮವಿಲ್ಲ, ಆದರೆ ಅವನ್ನು ಒಟ್ಟಿಗೆ ತೋರಿಸುವುದಕ್ಕೆ ಒಂದು ಕಾರಣವಂತೂ ಇರಬೇಕು. ರವೀಂದ್ರನಾಥ ಠಾಕೂರರ ಮೂರು ಕಥೆಗಳನ್ನು ಆಧರಿಸಿ ಸತ್ಯಜಿತ್ ರಾಯ್ 1961ರಲ್ಲಿ ನಿರ್ದೇಶಿಸಿದ ‘ತೀನ್ ಕನ್ಯಾ’ದಲ್ಲಿ ಒಂದು ಕಥೆಯ ಪಾತ್ರ ಇನ್ನೊಂದರೊಳಗೆ ಕಾಲಿಡುವುದಿಲ್ಲ, ಮೂರಕ್ಕೂ ಹೆಣ್ಣೊಬ್ಬಳು ಕೇಂದ್ರವಾಗಿರುವುದೇ ಅವುಗಳ ನಂಟು. ಮೊದಲ ಕಥೆಯ ಕೊನೆಯಲ್ಲಿ, ಊರು ಬಿಟ್ಟು ಹೊರಟ ಪೋಸ್ಟ್‌ಮಾಸ್ಟರ್ ಕೈಯಲ್ಲಿ ಹಣ ಹಿಡಿದು ನಿಂತಿರುವಾಗ, ಅನಾಥ ಬಾಲಕಿ ರತನ್ ನೀರಿನ ಬಕೆಟ್ ಹಿಡಿದು ಅವನನ್ನು ದಾಟಿ ಸುಮ್ಮನೆ ನಡೆದುಹೋಗುತ್ತಾಳೆ. ಆ ಸ್ವಾಭಿಮಾನವನ್ನು ಕಂಡ ಪ್ರೇಕ್ಷಕರು, ಕೊನೆಯ ಕಥೆಯಲ್ಲಿ ಮದುವೆಯ ರಾತ್ರಿಯೇ ಮನೆಯಿಂದ ತಪ್ಪಿಸಿಕೊಳ್ಳುವ ಮೃಣ್ಮಯಿಯ ಹಠವನ್ನು ಬರಿಯ ತುಂಟತನವೆಂದು ತಳ್ಳಿಹಾಕಲಾರರು. ಹೀಗೆ ಒಂದು ಕಥೆ ಇನ್ನೊಂದನ್ನು ನೋಡುವ ಕಣ್ಣನ್ನು ತಿದ್ದಿದರೆ ನನ್ನ ಮಟ್ಟಿಗೆ ಅಷ್ಟು ಸಂಬಂಧ ಸಾಕು. ನಡುವಿನ ‘ಮೊನಿಹಾರ’ವನ್ನು ಕೈಬಿಟ್ಟು, ಎರಡೇ ಕಥೆಗಳೊಂದಿಗೆ ಈ ಚಿತ್ರ ವಿದೇಶಗಳಲ್ಲಿ ತೆರೆಕಂಡದ್ದೂ ಉಂಟು.

ಕನ್ನಡದಲ್ಲಿ ಪುಟ್ಟಣ್ಣ ಕಣಗಾಲರ ‘ಕಥಾ ಸಂಗಮ’ (1976) ಸಹ ಮೂವರು ಲೇಖಕರ ಕಥೆಗಳನ್ನು ಬೆಸೆಯದೆಯೇ ಪಕ್ಕಪಕ್ಕದಲ್ಲಿಟ್ಟಿತು.

ಇದಕ್ಕೆ ಪ್ರತಿಯಾಗಿ, 2000ದ ಮೆಕ್ಸಿಕನ್ ಚಿತ್ರ ‘ಅಮೋರೆಸ್ ಪೆರ್ರೋಸ್’ನಲ್ಲಿ ಒಂದೇ ಕಾರು ಅಪಘಾತ ಮೂರೂ ಕಥೆಗಳ ದಿಕ್ಕನ್ನು ಬದಲಿಸುತ್ತದೆ, ಅಲ್ಲಿ ಕೊಂಡಿ ಕಥೆಯೊಳಗಿನಿಂದಲೇ ಹುಟ್ಟಿದೆ. ನನಗೆ ಒಪ್ಪಿಗೆಯಾಗದಿರುವುದು, ತಮ್ಮ ಪಾಡಿಗೆ ಬೆಳೆದ ಪಾತ್ರಗಳನ್ನು ಕೊನೆಯ ಕೆಲವು ನಿಮಿಷಗಳಲ್ಲಿ ಒಂದೇ ಆಸ್ಪತ್ರೆಗೋ ಬಸ್ ನಿಲ್ದಾಣಕ್ಕೋ ಎಳೆತಂದು ನಿಲ್ಲಿಸುವ ಕ್ರಮ.