ನಾನು ಬರೆದ ಮಾತಿಗೇ ಕತ್ತರಿ, ಕೆಲಸ ಬಿಡಲೇ?

ಪ್ರಶ್ನೆ: 8 ವರ್ಷದಿಂದ ಧಾರಾವಾಹಿಗಳಿಗೆ ಸಂಭಾಷಣೆ ಬರೆಯುತ್ತಿದ್ದೇನೆ. ಬಟ್ಟೆ ಕಾರ್ಖಾನೆಯ ಹೆಂಗಸೊಬ್ಬಳ ಬಾಯಲ್ಲಿ ಕೂಲಿ, ಯೂನಿಯನ್ ಅಂತ ನಾಲ್ಕು ಮಾತು ಆಡಿಸಿದರೆ ಪ್ರಸಾರದ ಹೊತ್ತಿಗೆ ಅವೇ ಮಾಯ. ಚಾನೆಲ್‌ನವರು ‘ಸ್ವಲ್ಪ ಲೈಟ್ ಮಾಡಿ’ ಅನ್ನುತ್ತಾರೆ, ಹೋರಾಟದ ಗೆಳೆಯರು ‘ಮಾರಿಕೊಂಡೆ’ ಅನ್ನುತ್ತಾರೆ. ಕೆಲಸ ಬಿಟ್ಟು ಎಲ್ಲವನ್ನೂ ಬಹಿರಂಗವಾಗಿ ಬರೆದುಬಿಡಲೇ?

ಉತ್ತರ: ಸಿಟ್ಟು ನ್ಯಾಯವಾದದ್ದೇ. ಆದರೆ ನೀವು ಕೂತಿರುವ ಕುರ್ಚಿಯನ್ನೊಮ್ಮೆ ನೋಡಿಕೊಳ್ಳಿ. ಕಥೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ನಿಮ್ಮ ಕೈಗೆ ಬರುವುದು ಮಾತು ಮಾತ್ರ. ಎಡಿಟಿಂಗ್ ಟೇಬಲ್ಲಿನಲ್ಲಿ ಅತಿ ಸುಲಭವಾಗಿ ಹಾರಿಹೋಗುವುದೂ ಅದೇ. ಕ್ಲೋಸಪ್‌ನಲ್ಲಿ ಹೇಳಿದ ಎರಡು ಸಾಲು ಕತ್ತರಿಸಿ, ಕೇಳಿಸಿಕೊಳ್ಳುವವರ ಮುಖ ಅಂಟಿಸಿದರೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ.

ಅದೇ ವಿಷಯವನ್ನು ಘಟನೆಯೊಳಗೆ ಇಡಿ. ಕಾರ್ಖಾನೆಯಲ್ಲಿ 60 ಹೆಂಗಸರಿಗೆ ಶೌಚಾಲಯಕ್ಕೆ ಹೋಗಲು ಒಂದೇ ಟೋಕನ್, ಸೂಪರ್‌ವೈಸರ್ ಮೇಜಿನ ಪಕ್ಕದ ಮೊಳೆಗೆ ನೇತುಹಾಕಿದೆ. ಮೊದಲ ದೃಶ್ಯದಲ್ಲಿ ಅದು ಸುಮ್ಮನೆ ಕಾಣಲಿ. ಎರಡನೆಯದರಲ್ಲಿ ನಾಯಕಿ ಊಟದ ಬಿಡುವನ್ನೆಲ್ಲ ಅದಕ್ಕಾಗಿ ಕಾಯುತ್ತಾ ಕಳೆಯುತ್ತಾಳೆ. ಲಾಕರಿನಲ್ಲಿಟ್ಟ ಫೋನಿಗೆ ಮಗಳ ಶಾಲೆಯಿಂದ ಮೂರು ಕರೆ ಬಂದು ನಿಲ್ಲುತ್ತವೆ. ಗಂಡನ ಆರೋಪ, ಅತ್ತೆಯ ಮುನಿಸು, ಮುಂದಿನ ನಾಲ್ಕು ಕಂತು ಆ ತಪ್ಪಿದ ಕರೆಯ ಮೇಲೇ ನಿಂತಿವೆ. ಈಗ ಟೋಕನ್ ತೆಗೆದರೆ ಕಥೆಯೇ ಕುಸಿಯುತ್ತದೆ, ಹಾಗಾಗಿ ನಿರ್ಮಾಪಕರೇ ಅದನ್ನು ಕಾಯುತ್ತಾರೆ. ಇಷ್ಟಾದ ಮೇಲೆ ಅವಳ ಬಾಯಲ್ಲಿ ‘ಇದು ಶೋಷಣೆ’ ಅನ್ನಿಸಬೇಡಿ. ಅನ್ನಿಸಿದಿರೋ, ಕತ್ತರಿಗೆ ಮತ್ತೆ ಹಿಡಿ ಕೊಟ್ಟಂತೆ. ಬಹುಪಾಲು ಬರಹಗಾರರು ಎಡವುವುದು ಇಲ್ಲೇ.

ಅಮೆರಿಕದ ಟಿವಿ ಬರಹಗಾರ ರಾಡ್ ಸರ್ಲಿಂಗ್‌ಗೂ ಇದೇ ಪಾಡಾಗಿತ್ತು. 1955ರಲ್ಲಿ ಎಮೆಟ್ ಟಿಲ್ ಎಂಬ 14 ವರ್ಷದ ಕಪ್ಪು ಹುಡುಗನನ್ನು ಕೊಂದ ಪ್ರಕರಣದಿಂದ ಹುಟ್ಟಿದ ಅವರ ಟಿವಿ ನಾಟಕ 1956ರಲ್ಲಿ ಪ್ರಸಾರವಾಗುವಾಗ ಗುರುತೇ ಸಿಗದಂತಾಗಿತ್ತು. ಕೊಲೆ ನಡೆದ ಅಮೆರಿಕದ ದಕ್ಷಿಣ ಭಾಗದ ಸುಳಿವು ಕೊಟ್ಟೀತೆಂದು, ಅಲ್ಲಿಯದೇ ಪಾನೀಯವಾದ ಕೋಕಾ-ಕೋಲಾದ ಬಾಟಲಿಯನ್ನೂ ಸೆಟ್ಟಿನಿಂದ ಎತ್ತಿಸಿದ್ದರು! 1959ರಲ್ಲಿ ಅವರು ‘ದಿ ಟ್ವಿಲೈಟ್ ಝೋನ್’ ಶುರುಮಾಡಿ ಅದೇ ಸಂಗತಿಗಳನ್ನು ವಿಚಿತ್ರ ಕಥೆಗಳ ವೇಷದಲ್ಲಿ ಹೇಳಿದರು. ವೇಷದ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಆ ಸರಣಿಯ ನಿರ್ಮಾಣದಲ್ಲೂ ಅವರ ಕೈಯಿತ್ತು ಅನ್ನುವುದನ್ನು ಮರೆಯುತ್ತಾರೆ. 156 ಕಂತುಗಳಲ್ಲಿ 92 ಅವರದೇ ಬರಹ.

ಹಾಗಾಗಿ ಬಿಡುವುದಾದರೆ ಸಂಭಾಷಣೆಯ ಕುರ್ಚಿಯನ್ನು ಬಿಡಿ, ಟಿವಿಯನ್ನಲ್ಲ. ಅದಕ್ಕೂ ಮೊದಲು ಆರು ತಿಂಗಳ ಖರ್ಚಿನ ದುಡ್ಡು ಕೈಯಲ್ಲಿರಲಿ. ಸ್ವಂತ ಕಥೆಯ ಮೊದಲ ಕಂತಿನ ಪೂರ್ಣ ಸ್ಕ್ರಿಪ್ಟ್, ಪಾತ್ರಗಳು ಮತ್ತು ಮುಂದಿನ ಹಾದಿ ಹೇಳುವ 8–10 ಪುಟದ ‘ಬೈಬಲ್’ (ಸರಣಿಯ ಕೈಪಿಡಿ) ಸಿದ್ಧವಿರಲಿ. ಬರೀ ಐಡಿಯಾ ಹಿಡಿದು ಹೋದರೆ ಚಹಾ ಸಿಗುತ್ತದೆ, ಒಪ್ಪಂದ ಸಿಗುವುದಿಲ್ಲ.

ಒಪ್ಪಂದದಲ್ಲಿ ಒಂದು ಔಟ್‌ಲೈನ್, ಎರಡು ಡ್ರಾಫ್ಟ್, ಒಂದು ಪಾಲಿಶ್ (ಕೊನೆಯ ಸಣ್ಣ ತಿದ್ದುಪಡಿ) ಎಂದು ಎಣಿಸಿ ಬರೆಸಿಕೊಳ್ಳಿ. ಅದಕ್ಕಿಂತ ಮೇಲಾದರೆ ಬೇರೆ ಸಂಭಾವನೆ. ಒಪ್ಪದ ಕಂತಿನಿಂದ ಹೆಸರು ತೆಗೆಸುವ ಹಕ್ಕೂ ಇರಲಿ, ಪ್ರಸಾರವಾದ ಮೇಲೆ ಕೇಳಿದರೆ ಪ್ರಯೋಜನವಿಲ್ಲ.

ಫೋನಿನಲ್ಲಿ ‘ಲೈಟ್ ಮಾಡಿ’ ಅಂದರೆ ಅಂದೇ ಮೇಲ್ ಹಾಕಿ: ‘ನೀವು ಹೇಳಿದ್ದು ಈ ಮೂರು ಬದಲಾವಣೆ, ಕಾರಣ ತಿಳಿಸಿ.’ ಚಾನೆಲ್‌ನ ವಕೀಲರ ಆತಂಕವಾದರೆ ಪ್ರತಿ ಸಂಗತಿಗೂ ಆಧಾರ ಬರೆದ ಸ್ಕ್ರಿಪ್ಟಿನ ಇನ್ನೊಂದು ಪ್ರತಿ ಕೊಟ್ಟರೆ ಬಗೆಹರಿದೀತು. ಜಾಹೀರಾತುದಾರರ ಮುನಿಸಾದರೆ ಕಾರ್ಖಾನೆ ತಯಾರಿಸುವ ವಸ್ತುವನ್ನೇ ಬದಲಿಸಿ ನೋಡಿ. ಎಷ್ಟೋ ಸಲ ಕಾರಣವೇ ಇರುವುದಿಲ್ಲ, ಬರೆದು ಕೇಳಿದ ಮೇಲೆ ಆಕ್ಷೇಪ ತಾನಾಗಿ ಕರಗುತ್ತದೆ.

ಬಹಿರಂಗವಾಗಿ ಬರೆಯುವ ಮಾತು: ಒಪ್ಪಂದದ ಗೋಪ್ಯತೆಯ ಷರತ್ತನ್ನು ವಕೀಲರೊಬ್ಬರಿಗೆ ತೋರಿಸುವವರೆಗೆ ಒಂದು ಸಾಲೂ ಬೇಡ. ಗೆಳೆಯರು ‘ಮಾರಿಕೊಂಡೆ’ ಅಂದರೆ ಟೋಕನ್ ಕಂತು ಪ್ರಸಾರವಾಗುವ ದಿನ ಮನೆಗೆ ಕರೆಯಿರಿ.