ಪಕ್ಕದ ಮೈದಾನದಲ್ಲಿ ಬಡವರ ಮನೆಗಳು: ಆಕ್ಷೇಪಣೆ ಬರೆಯಬೇಕೆ, ಬರೆದರೆ ಏನೆಂದು?

ಮನೆ ಮತ್ತು ನೆಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು 1971ರಲ್ಲಿ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದವನು. ಮೊದಲ ಆರು ವರ್ಷ ಫೋರ್ಟ್‌ನ ಹೋಟೆಲೊಂದರಲ್ಲಿ ದುಡಿಯುತ್ತ, ರಾತ್ರಿ ಶಾಲೆ ಮುಗಿಸಿ ಬಂದು, ಎರಡು ಮೇಜುಗಳನ್ನು ಜೋಡಿಸಿಕೊಂಡು ಅವುಗಳ ಮೇಲೆಯೇ ಮಲಗುತ್ತಿದ್ದೆ. ಈಗ ಮುಲುಂಡ್‌ನಲ್ಲಿ ಸ್ವಂತ ಮನೆಯಿದೆ. ನಮ್ಮ ಸೊಸೈಟಿಯ ಪಕ್ಕದಲ್ಲಿ ಆಟದ ಮೈದಾನಕ್ಕೆಂದು ಮೀಸಲಿಟ್ಟ ಖಾಲಿ ಜಾಗವಿದ್ದು, ಆ ಮೀಸಲಾತಿಯನ್ನು ಬದಲಿಸಿ ಕಡಿಮೆ ದರದ ಮನೆಗಳನ್ನು ಕಟ್ಟುವ ಪ್ರಸ್ತಾವದ ನೋಟೀಸು ಪತ್ರಿಕೆಯಲ್ಲಿ ಬಂದಿದೆ. ‘ಇಂಥವರು ಬಂದರೆ ನಮ್ಮ ಮನೆಗಳ ಬೆಲೆ ಇಳಿಯುತ್ತದೆ’ ಎಂದು ಬರೆದ ಪತ್ರಕ್ಕೆ ಕಮಿಟಿಯವರು ಮನೆಮನೆಗೆ ಬಂದು ಸಹಿ ಕೇಳುತ್ತಿದ್ದಾರೆ. ಮೈದಾನ ಹೋಗುವುದು ನನಗೂ ಇಷ್ಟವಿಲ್ಲ. ಆದರೆ ಆ ಪತ್ರಕ್ಕೆ ಸಹಿ ಹಾಕಲು ಕೈ ಬರುತ್ತಿಲ್ಲ. ನಾನೇನು ಮಾಡಲಿ?
(ಓದುಗರೊಬ್ಬರು, ಮುಲುಂಡ್)

ಉತ್ತರ: ಸಹಿ ಹಾಕಬೇಡಿ, ಆದರೆ ಸುಮ್ಮನೆಯೂ ಕೂರಬೇಡಿ. ನಿಮ್ಮದೇ ಪತ್ರವೊಂದನ್ನು ಬರೆಯಿರಿ, ಅದನ್ನೂ ಬೇಗನೆ ಬರೆಯಿರಿ.

ನೀವು ಕಳುಹಿಸಿದ ಕತ್ತರಿಕೆಯ ಪ್ರಕಾರ ಈ ನೋಟೀಸು 1966ರ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆಯ 37ನೇ ಕಲಮಿನ ಅಡಿಯಲ್ಲಿ ಹೊರಟದ್ದು. ನಗರದ ಯಾವ ನೆಲ ಯಾವ ಬಳಕೆಗೆ ಎಂದು ಗುರುತಿಸುವ ಮಂಜೂರಾದ ಅಭಿವೃದ್ಧಿ ಯೋಜನೆಯಲ್ಲಿ ಬದಲಾವಣೆ ತರುವ ಮುನ್ನ ಸಾರ್ವಜನಿಕರಿಂದ ಆಕ್ಷೇಪಣೆ ಮತ್ತು ಸಲಹೆಗಳನ್ನು ಕರೆಯಬೇಕು, ನೋಟೀಸಿನ ದಿನದಿಂದ ಅದಕ್ಕೆ ಒಂದು ತಿಂಗಳ ಅವಧಿ ಇರಬೇಕು, ಬಾಧಿತರ ಅಹವಾಲು ಕೇಳಿದ ಮೇಲೆಯೇ ಪ್ರಸ್ತಾವ ರಾಜ್ಯ ಸರಕಾರದ ಮಂಜೂರಿಗೆ ಹೋಗಬೇಕು ಎಂದು ಆ ಕಲಮು ಹೇಳುತ್ತದೆ. ಆಕ್ಷೇಪಣೆ ಬರೆಯಲು ಪಕ್ಕದ ಮನೆಯ ಮಾಲಿಕರೇ ಆಗಿರಬೇಕೆಂದಿಲ್ಲ, ಯಾರು ಬೇಕಾದರೂ ಬರೆಯಬಹುದು. ಕೊನೆಯ ತೀರ್ಮಾನ ಸರಕಾರದ್ದು ಎಂಬುದನ್ನೂ ಬಚ್ಚಿಡದೆ ಹೇಳಬೇಕು. ನಿಮ್ಮ ಪತ್ರಕ್ಕೆ ಪ್ರಸ್ತಾವವನ್ನು ತಡೆದುಬಿಡುವ ಅಧಿಕಾರವಿಲ್ಲ. ಆದರೆ ಅವಧಿಯೊಳಗೆ ದಾಖಲಾಗದ ಮಾತನ್ನು ಮುಂದೆ ಎಲ್ಲಿ ಎತ್ತಿದರೂ ಅದಕ್ಕೆ ಬಲ ಕಡಿಮೆ.

ಮೊದಲು ಆ ಜಾಗದ ಸಿಟಿಎಸ್ (ನಗರ ಸರ್ವೆ) ನಂಬರು ಹಿಡಿದು, ಶುಲ್ಕ ಕಟ್ಟಿ, ಮಹಾನಗರಪಾಲಿಕೆಯಿಂದ ಡಿಪಿ (ಅಭಿವೃದ್ಧಿ ಯೋಜನೆ) ರಿಮಾರ್ಕ್ ಪಡೆಯಿರಿ. ಜಾಗಕ್ಕೆ ಈಗ ಯಾವ ಮೀಸಲಾತಿ ಇದೆ, ಪಕ್ಕದ ರಸ್ತೆ ಯೋಜನೆಯಲ್ಲಿ ಎಷ್ಟು ಅಗಲಕ್ಕೆ ಗುರುತಾಗಿದೆ ಎಂಬುದು ಅದರಲ್ಲಿ ಸಿಗುತ್ತದೆ. ಆಮೇಲೆ ನೋಟೀಸಿನಲ್ಲಿ ಹೇಳಿದ ಕಚೇರಿಗೆ ಹೋಗಿ ಪ್ರಸ್ತಾವದ ನಕಾಶೆಯನ್ನು ಕಣ್ಣಾರೆ ನೋಡಿ. ಇಡೀ ಮೈದಾನ ಹೋಗುತ್ತದೆಯೋ ಒಂದು ಭಾಗವೋ, ಬದಲಿ ಜಾಗವನ್ನು ಎಲ್ಲಿಯಾದರೂ ತೋರಿಸಿದ್ದಾರೋ ಎಂಬುದು ಅಲ್ಲಿಯೇ ತಿಳಿಯಬೇಕೇ ಹೊರತು ಸೊಸೈಟಿಯ ಗೇಟಿನ ಬಳಿಯ ಮಾತುಕತೆಯಲ್ಲಿ ಅಲ್ಲ.

ಇಷ್ಟು ಬಿಡಿಸಿ ನೋಡಬೇಕು ಎನ್ನುವುದಕ್ಕೆ ಕಾರಣ, ಈ ನಗರ ಒಂದು ತಿದ್ದುಪಡಿಯಲ್ಲಿ ಎಷ್ಟು ಕಳೆದುಕೊಂಡಿದೆ ಎಂಬುದನ್ನು ನಾವು ಕಂಡಿದ್ದೇವೆ. 1991ರ ಅಭಿವೃದ್ಧಿ ನಿಯಂತ್ರಣ ನಿಯಮಗಳ 58ನೇ ನಿಯಮದಂತೆ, ಬಟ್ಟೆ ಮಿಲ್ಲಿನ ನೆಲವನ್ನು ಬೇರೆ ಬಳಕೆಗೆ ತೆರೆಯುವಾಗ ಸುಮಾರು ಮೂರನೆಯ ಒಂದು ಪಾಲು ಪಾಲಿಕೆಗೆ ಬಯಲು ಜಾಗವಾಗಿ, ಇನ್ನೊಂದು ಪಾಲು ರಾಜ್ಯದ ವಸತಿ ಪ್ರಾಧಿಕಾರವಾದ ಮ್ಹಾಡಾಕ್ಕೆ ಸಾರ್ವಜನಿಕ ವಸತಿಗಾಗಿ, ಉಳಿದದ್ದು ಮಾಲಿಕರಿಗೆ ಎಂದಿತ್ತು. 2001ರ ತಿದ್ದುಪಡಿಯಲ್ಲಿ ಈ ಹಂಚಿಕೆ ಮಿಲ್ಲಿನ ಆವರಣದಲ್ಲಿ ಖಾಲಿಯಿದ್ದ ನೆಲಕ್ಕೆ ಮಾತ್ರ ಅನ್ವಯಿಸುವಂತಾಯಿತು. ಕಟ್ಟಡವಿದ್ದ ನೆಲ ಲೆಕ್ಕದಿಂದ ಹೊರಗೆ ಉಳಿಯಿತು. ಮಿಲ್ಲೆಂದರೆ ಬಹುಪಾಲು ಕಟ್ಟಡವೇ ಅಲ್ಲವೇ? ಮೈದಾನದ ಪಾಲೂ ಬಡವರ ಮನೆಯ ಪಾಲೂ ಒಟ್ಟಿಗೆ ಕುಗ್ಗಿದವು. 2005ರಲ್ಲಿ ಬಾಂಬೆ ಹೈಕೋರ್ಟು ಸಾರ್ವಜನಿಕರ ಪರವಾಗಿ ತೀರ್ಪು ಕೊಟ್ಟರೂ 2006ರಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಲಾಲ್‌ಬಾಗ್, ಪರೇಲ್‌ಗಳಲ್ಲಿ ಬೆಳೆದ ನಮ್ಮವರಿಗೆ ಆ ನೆಲದ ಮೇಲೆ ಇಂದು ಏನು ನಿಂತಿದೆ ಎಂದು ಹೇಳಬೇಕಾಗಿಲ್ಲ. ಆದ್ದರಿಂದ ಮೈದಾನ ಮತ್ತು ಬಡವರ ಮನೆಯನ್ನು ಒಂದಕ್ಕೊಂದು ವೈರಿಗಳಂತೆ ನಿಲ್ಲಿಸುವ ಪತ್ರ ನನಗೆ ಸರಿಕಾಣುವುದಿಲ್ಲ.

ಇನ್ನು ಪತ್ರದಲ್ಲಿ ಏನಿರಬೇಕು ಎಂಬ ಮಾತು. ಮನೆಗಳ ಬೆಲೆ ಇಳಿಯುತ್ತದೆ ಎನ್ನುವುದು ನಗರ ಯೋಜನೆಯ ದೃಷ್ಟಿಯಿಂದ ವಾದವೇ ಅಲ್ಲ. ‘ಇಂಥವರು’ ಎನ್ನುವ ಮಾತಂತೂ ಹೋಟೆಲಿನ ಮೇಜಿನ ಮೇಲೆ ಮಲಗಿ ಓದಿದ ನಿಮ್ಮಂಥವರ ಹೆಸರಿನಲ್ಲಿ ಹೋಗಲೇಬಾರದು. ಮೀಸಲಾತಿ ತೆಗೆಯುವ ಮೊದಲು, ಮಕ್ಕಳು ನಡೆದು ಹೋಗಬಹುದಾದ ದೂರದಲ್ಲಿ ಅಷ್ಟೇ ವಿಸ್ತೀರ್ಣದ ಮೈದಾನವನ್ನು ಗುರುತಿಸಿ ಎಂದು ಕೇಳಿ. ಅದು ಆಗದೆಂದರೆ ಜಾಗದ ಒಂದು ಭಾಗವನ್ನಾದರೂ ಬಯಲಾಗಿ ಉಳಿಸಿ, ಅದು ಹಳೆಯ ಮತ್ತು ಹೊಸ ನಿವಾಸಿಗಳಿಬ್ಬರಿಗೂ ತೆರೆದಿರಲಿ ಎಂದು ಬರೆಯಿರಿ. ನೀರು, ಒಳಚರಂಡಿ, ಪಾಲಿಕೆಯ ಶಾಲೆಯಲ್ಲಿ ಇರುವ ಜಾಗ, ಇವನ್ನು ಪ್ರಸ್ತಾವ ಹೇಗೆ ಲೆಕ್ಕ ಹಾಕಿದೆ ಎಂದು ಕೇಳುವುದೂ ನ್ಯಾಯವೇ.

ಇದಕ್ಕಿಂತ ಮುಖ್ಯವಾದದ್ದು ಬರಲಿರುವವರ ಪರವಾಗಿ ನೀವು ಕೇಳಬೇಕಾದ ಪ್ರಶ್ನೆ: ಕಟ್ಟಡಕ್ಕೂ ಕಟ್ಟಡಕ್ಕೂ ನಡುವೆ ಎಷ್ಟು ಅಂತರ ಬಿಡುತ್ತೀರಿ? ಗೋವಂಡಿ, ಮಾನ್‌ಖುರ್ದ್ ಕಡೆಯ ನಟವರ್ ಪಾರೇಖ್ ಕಾಂಪೌಂಡ್, ಲಲ್ಲೂಭಾಯಿ ಕಾಂಪೌಂಡ್‌ನಂಥ ಪುನರ್ವಸತಿ ಕಾಲೊನಿಗಳಲ್ಲಿ ಕಟ್ಟಡಗಳು ಒಂದಕ್ಕೊಂದು ಅಂಟಿದಂತೆ ನಿಂತಿವೆ. ಗಾಳಿ ಬೆಳಕು ಸಾಲದ ಕೆಳ ಅಂತಸ್ತುಗಳಿಗೂ ಅಲ್ಲಿನ ಕ್ಷಯರೋಗಕ್ಕೂ ಸಂಬಂಧವಿದೆ ಎಂಬುದನ್ನು 2018ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಂಥ ಒಂದು ಕಾಲೊನಿಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಎರಡನೆಯ ಅಂತಸ್ತಿನ ಖೋಲಿಯಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿದ್ದುದನ್ನು ನಾನೇ ನೋಡಿದ್ದೇನೆ. ಕಿಟಕಿಯ ಸರಳಿಗೆ ಹರವಿದ ಸೀರೆ ಹಿಂದಿನ ದಿನದ್ದಂತೆ. ಮುಟ್ಟಿದರೆ ಇನ್ನೂ ತಣ್ಣಗೆ, ಒದ್ದೆಯಾಗಿಯೇ ಇತ್ತು. ಮನೆ ಕೊಟ್ಟೆವು ಎಂದು ಕಾಗದದಲ್ಲಿ ಲೆಕ್ಕ ಹಾಕಿದರೆ ಸಾಲದು, ಆ ಮನೆಯೊಳಗೆ ಬಿಸಿಲು ಬರಬೇಕು. ಈ ಪ್ರಶ್ನೆಯನ್ನು ನೆರೆಯವರು ಕೇಳದಿದ್ದರೆ ಕೇಳುವವರು ಯಾರೂ ಇರುವುದಿಲ್ಲ, ಏಕೆಂದರೆ ಆ ಮನೆಗಳಿಗೆ ಬರುವವರು ಯಾರೆಂಬುದು ಅವರಿಗೇ ಇನ್ನೂ ಗೊತ್ತಿರುವುದಿಲ್ಲ.

ಒಂದೇ ಪತ್ರದ ನೂರು ಪ್ರತಿಗಳಿಗಿಂತ ಸಿಟಿಎಸ್ ನಂಬರು, ರಸ್ತೆಯ ಹೆಸರು, ಅಳತೆಗಳನ್ನು ನಮೂದಿಸಿದ ಹತ್ತು ಪತ್ರಗಳು ಮೇಲು. 2015ರ ಫೆಬ್ರವರಿಯಲ್ಲಿ ಹೊರಬಂದ ಮುಂಬಯಿಯ ಕರಡು ಅಭಿವೃದ್ಧಿ ಯೋಜನೆಯಲ್ಲಿ ಇದ್ದದ್ದು ಇಲ್ಲವೆಂದೂ, ಕಟ್ಟಡವಿದ್ದಲ್ಲಿ ರಸ್ತೆಯೆಂದೂ ಗುರುತಾಗಿದ್ದ ತಪ್ಪುಗಳನ್ನು ನಾಗರಿಕರು ಒಂದೊಂದಾಗಿ ಎತ್ತಿ ತೋರಿಸಿದರು. ಏಪ್ರಿಲ್‌ನಲ್ಲಿ ಸರಕಾರವೇ ಆ ಕರಡನ್ನು ಹಿಂದಕ್ಕೆ ಪಡೆದು ಹೊಸದಾಗಿ ಮಾಡುವಂತೆ ಹೇಳಿತು. ಪರಿಷ್ಕೃತ ಕರಡು 2016ರಲ್ಲಿ ಬಂದು, ಮಂಜೂರಾಗಿ, 2018ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು. ನಿಮ್ಮ ಪತ್ರದ ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಜೋಪಾನವಾಗಿಡಿ. ಅಹವಾಲಿನ ದಿನ ತಪ್ಪದೆ ಹೋಗಿ. ಮರಾಠಿಯಲ್ಲಿ ಬರೆಯುವುದು ಕಷ್ಟವಾದರೆ ಸೊಸೈಟಿಯ ಮಕ್ಕಳ ನೆರವು ಪಡೆಯಿರಿ. ಆ ಮೈದಾನದ ವಿಷಯ ಅವರಿಗೂ ಸಂಬಂಧಿಸಿದ್ದು.

ಪ್ರಶ್ನೆ: ಗಿರ್‌ಗಾಂವ್‌ನ ನಮ್ಮ ಚಾಳು ದುರಸ್ತಿಯ ಸೆಸ್ (ತೆರಿಗೆ) ಕಟ್ಟುವ ಹಳೆಯ ಕಟ್ಟಡ. ತಂದೆಯವರು ಪಗಡಿಯಲ್ಲಿ (ಮೊದಲೇ ದೊಡ್ಡ ಮೊತ್ತ ಕೊಟ್ಟು ಕಡಿಮೆ ಬಾಡಿಗೆಗೆ) ಪಡೆದ 160 ಚದರಡಿಯ ಖೋಲಿ ನಮ್ಮದು. ಬಿಲ್ಡರ್ ಕಡೆಯವರು ಸ್ಟ್ಯಾಂಪ್ ಪೇಪರಿನ ಒಪ್ಪಿಗೆ ಪತ್ರ ತಂದು, ‘ಎಲ್ಲರೂ ಕೊಟ್ಟಿದ್ದಾರೆ, ನೀವೊಬ್ಬರೇ ಬಾಕಿ’ ಎನ್ನುತ್ತಿದ್ದಾರೆ. ಸಹಿ ಮಾಡಬಹುದೇ?
(ಓದುಗರೊಬ್ಬರು, ಗಿರ್‌ಗಾಂವ್)

ಉತ್ತರ: ‘ಎಲ್ಲರೂ ಕೊಟ್ಟಿದ್ದಾರೆ’ ಎಂಬ ಮಾತನ್ನು ನಂಬುವ ಮೊದಲು ಚಾಳಿನವರೆಲ್ಲ ಒಂದು ಸಂಜೆ ಒಟ್ಟಿಗೆ ಕುಳಿತು, ಯಾರ ಕೈಯಲ್ಲಿ ಯಾವ ಕಾಗದವಿದೆ ಎಂದು ನೋಡಿ. ಸೆಸ್ ಕಟ್ಟಡಗಳ ಪುನರಭಿವೃದ್ಧಿ ನಡೆಯುವುದು ಮುಂಬಯಿಯ ಅಭಿವೃದ್ಧಿ ನಿಯಂತ್ರಣ ನಿಯಮಗಳ 33(7)ನೇ ನಿಯಮದಡಿ. ಅದಕ್ಕೆ ಬಾಡಿಗೆದಾರರಲ್ಲಿ ಶೇಕಡಾ 51ರಷ್ಟು ಜನರ ಒಪ್ಪಿಗೆ ಸಾಕು. ಹಾಗಾಗಿ ನೀವೊಬ್ಬರು ತಡೆದು ನಿಲ್ಲಿಸಬಲ್ಲಿರಿ ಎಂಬ ಭ್ರಮೆಯೂ ಬೇಡ, ನೀವೊಬ್ಬರು ಕೊಡದಿದ್ದರೆ ಎಲ್ಲ ಕೆಡುತ್ತದೆ ಎಂಬ ಹೆದರಿಕೆಯೂ ಬೇಡ. ಖೋಲಿ ಎಷ್ಟೇ ಚಿಕ್ಕದಿದ್ದರೂ ವಾಸದ ಬಾಡಿಗೆದಾರರಿಗೆ ಕನಿಷ್ಠ 300 ಚದರಡಿ ಕಾರ್ಪೆಟ್ ವಿಸ್ತೀರ್ಣದ (ಗೋಡೆಗಳ ಒಳಗೆ ಬಳಸಲು ಸಿಗುವ ನೆಲದ) ಮನೆ ಸಿಗಬೇಕು. ಅಳತೆಯನ್ನು ಕಾಗದದಲ್ಲಿ ಕಾರ್ಪೆಟ್ ಎಂದೇ ಬರೆಸಿ. ಗೋಡೆಗಳನ್ನೂ ಸೇರಿಸಿ ಲೆಕ್ಕ ಹಾಕುವ ಬಿಲ್ಟ್‌ಅಪ್ ಎಂದು ಬರೆದರೆ ಮನೆ ಕೈಗೆ ಬಂದಾಗ ಒಂದು ಕೋಣೆಯೇ ಕಾಣೆಯಾಗಿರುತ್ತದೆ.

ಒಪ್ಪಿಗೆ ಪತ್ರ ಬೇರೆ, ಶಾಶ್ವತ ಬದಲಿ ಮನೆಯ ಒಪ್ಪಂದ ಬೇರೆ. ಎರಡನೆಯದು ನೋಂದಣಿಯಾಗದೆ ಖೋಲಿಯ ಕೀಲಿ ಕೊಡಬೇಡಿ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಆಸರೆ ಮುಖ್ಯವಾಗಿ ಹೊಸ ಮನೆ ಕೊಳ್ಳುವವರಿಗೆ. ಹಳೆಯ ಬಾಡಿಗೆದಾರರಿಗೆ ಆಧಾರವೆಂದರೆ ಆ ನೋಂದಾಯಿತ ಒಪ್ಪಂದವೇ. ಕೆಲಸ ಮುಗಿಯುವವರೆಗಿನ ಮನೆ ಬಾಡಿಗೆ ಎಷ್ಟು, ತಡವಾದರೆ ಅದು ಹೇಗೆ ಏರುತ್ತದೆ, ಅರ್ಧಕ್ಕೆ ಕೈಬಿಟ್ಟರೆ ಏನು ಗತಿ ಎಂಬುದೆಲ್ಲ ಅದರಲ್ಲಿ ಇರಲಿ. ನನ್ನ ಸೋದರಮಾವನ ಚಾಳಿನಲ್ಲಿ ಕಟ್ಟಡ ಕೆಡವಿದ ಎರಡನೆಯ ವರ್ಷಕ್ಕೆ ಬಾಡಿಗೆಯ ಚೆಕ್ಕುಗಳು ನಿಂತವು; ಅತ್ತೆಯವರು ನಾಲಾಸೋಪಾರಾದ ಬಾಡಿಗೆ ಮನೆಯಲ್ಲೇ ತೀರಿಕೊಂಡರು. ಅವರ ಬಳಿ ಇದ್ದದ್ದು ಒಪ್ಪಿಗೆ ಪತ್ರದ ಜೆರಾಕ್ಸ್ ಪ್ರತಿಯೊಂದೇ. ದಯವಿಟ್ಟು ಅವಸರ ಮಾಡಬೇಡಿ. ಮ್ಹಾಡಾದ ದುರಸ್ತಿ ಮಂಡಳಿಯಿಂದ ನಿರಾಕ್ಷೇಪಣಾ ಪತ್ರ ಬಂದಿದೆಯೇ, ಅದರಲ್ಲಿ ಎಷ್ಟು ಬಾಡಿಗೆದಾರರ ಹೆಸರಿದೆ, ನಿಮ್ಮ ತಂದೆಯವರ ಹೆಸರು ಸರಿಯಾಗಿದೆಯೇ ಎಂದು ಖುದ್ದಾಗಿ ನೋಡಿ. ತಂದೆಯವರು ತೀರಿಕೊಂಡಿದ್ದರೆ ಬಾಡಿಗೆ ರಸೀದಿ ನಿಮ್ಮ ಹೆಸರಿಗೆ ಆಗಿರುವುದು ಎಲ್ಲಕ್ಕಿಂತ ಮೊದಲ ಕೆಲಸ.

ಪ್ರಶ್ನೆ: ನಮ್ಮ ಗಲ್ಲಿಯ ಕೊನೆಯಲ್ಲಿ ದೊಡ್ಡ ಗೋಪುರ ಕಟ್ಟಡ ಏಳುತ್ತಿದೆ. ನೆರೆಯವರನ್ನು ಕರೆದು ಯಾರೂ ಕೇಳಲಿಲ್ಲ. ಇದು ಕಾನೂನಿಗೆ ವಿರುದ್ಧವಲ್ಲವೇ?
(ಓದುಗರೊಬ್ಬರು, ಗೋರೆಗಾಂವ್)

ಉತ್ತರ: ವಿರುದ್ಧವಲ್ಲ. 20,000 ಚದರ ಮೀಟರ್ ಅಥವಾ ಅದಕ್ಕಿಂತ ಹೆಚ್ಚು ನಿರ್ಮಾಣವಿರುವ ಯೋಜನೆಗೆ ಕೇಂದ್ರದ 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಪರಿಸರ ಅನುಮತಿ ಬೇಕು. ಆದರೆ ಕಟ್ಟಡ ಯೋಜನೆಗಳನ್ನು ಅದೇ ಅಧಿಸೂಚನೆ ಸಾರ್ವಜನಿಕ ವಿಚಾರಣೆಯಿಂದ ಬಿಟ್ಟಿದೆ. ನನ್ನ ಮಟ್ಟಿಗೆ ಇದು ದೊಡ್ಡ ಕೊರತೆ. ಈಗ ನಿಮಗೆ ಉಳಿದಿರುವ ದಾರಿಯೆಂದರೆ ಅನುಮತಿ ಪತ್ರದ ಷರತ್ತುಗಳು. ಅವು ಕೇಂದ್ರ ಸರಕಾರದ ಪರಿವೇಶ್ ಜಾಲತಾಣದಲ್ಲಿ ಸಿಗುತ್ತವೆ, ಮತ್ತು ಅವುಗಳ ಪಾಲನೆಯ ವರದಿಯನ್ನು ನಿರ್ಮಾಪಕರು ಆರು ತಿಂಗಳಿಗೊಮ್ಮೆ ಸಲ್ಲಿಸಬೇಕು. ಧೂಳು, ರಾತ್ರಿಯ ಕೆಲಸ, ಮರ ಕಡಿತ ಯಾವುದೇ ಇರಲಿ, ಷರತ್ತಿನ ಸಂಖ್ಯೆಯನ್ನು ನಮೂದಿಸಿ, ದಿನಾಂಕವಿರುವ ಫೋಟೋ ಲಗತ್ತಿಸಿ ದೂರು ಬರೆಯಿರಿ.