ಒಪೆರಾ ಥಿಯೇಟರಿನಲ್ಲಿ ದುಬಾರಿ ಸೀಟೇ ಒಳ್ಳೆಯ ಸೀಟಾ?

ವಿಯೆನ್ನಾದಲ್ಲಿರುವ ಮಗನ ಮನೆಗೆ ಹೋಗುತ್ತೀರಿ, ಅಲ್ಲಿ ಒಂದು ಬ್ಯಾಲೆ ನೃತ್ಯ, ಒಂದು ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ನೋಡುವ ಆಸೆ, ದುಡ್ಡು ಜಾಸ್ತಿ ಕೊಟ್ಟರೆ ಒಳ್ಳೆಯ ಸೀಟು ಸಿಗುತ್ತದಾ ಅಂತ ಕೇಳಿದ್ದೀರಿ. ಹಾಗೇನಿಲ್ಲ ಮಾರಾಯ್ರೆ. ನಾನು ಕುಂಬಳೆ ಕಡೆಯವನು, ಯಕ್ಷಗಾನದ ಆಟ ನೋಡಿಯೇ ಬೆಳೆದವನು. ಮಗಳ ಮನೆಗೆ ಯುರೋಪಿಗೆ ಹೋದಾಗೆಲ್ಲ ಇಂಥ ಥಿಯೇಟರಿಗೂ ಹೋಗಿದ್ದೇನೆ. ಮೊದಲ ಸಲವೇ ಬೇಸ್ತು ಬಿದ್ದೆ.

ಫೋಟೋ ನೋಡಿ ಬದಿಯ ಬಾಕ್ಸಿನಲ್ಲಿ ಸೀಟು ತಗೊಂಡಿದ್ದೆ. ಕೆಂಪು ಮಖಮಲ್ಲು, ಚಿನ್ನದ ಬಣ್ಣದ ಕೆತ್ತನೆ, ಒಳಗೆ ಆರೇಳು ಕುರ್ಚಿ. ನನ್ನದು ಹಿಂದಿನದು. ಕೂತ ಮೇಲೆ ನೋಡಿದರೆ ರಂಗದ ಅರ್ಧ ಕಾಣುವುದೇ ಇಲ್ಲ! ನರ್ತಕಿ ಆ ಕಡೆ ಹೋದಳೆಂದರೆ ಮಾಯ. ಚಪ್ಪಾಳೆ ಬಿದ್ದರೆ, ಓ, ಏನೋ ಚಂದ ಮಾಡಿದಳು ಅಂದುಕೊಳ್ಳಬೇಕು. ಬಗ್ಗಿ ಬಗ್ಗಿ ನೋಡಿ ಕುತ್ತಿಗೆ ಹಿಡಿಯಿತು. ಹಳೆಯ ಥಿಯೇಟರುಗಳು ಕುದುರೆ ಲಾಳದ ಆಕಾರದವು. ಬದಿಯ ಬಾಕ್ಸಿನ ಮುಖ ರಂಗದ ಕಡೆಗಲ್ಲ, ಎದುರಿನ ಬಾಕ್ಸಿನ ಕಡೆಗೆ. ಆ ಕಾಲದ ದೊಡ್ಡ ಮನುಷ್ಯರಿಗೆ ನೋಡುವುದಕ್ಕಿಂತ ತೋರಿಸಿಕೊಳ್ಳುವ ಉಮೇದು ಜಾಸ್ತಿ ಇತ್ತು.

ಬ್ಯಾಲೆಗೆ ಮೊದಲ ಮಹಡಿಯ ಮುಂದಿನ ಸಾಲು, ನಡುವಿನ ಸೀಟು ನೋಡಿ. ಚಿಕ್ಕವರಿದ್ದಾಗ ನಾವು ರಂಗಸ್ಥಳದ ಬುಡದಲ್ಲೇ ಚಾಪೆ ಹಾಕಿ ಕೂರುತ್ತಿದ್ದೆವು. ಗೆಜ್ಜೆ ಕಟ್ಟಿದ ಕಾಲು ಕಣ್ಣೆದುರೇ ಕುಣಿಯುತ್ತಿತ್ತು. ಅದೇ ಲೆಕ್ಕದಲ್ಲಿ ಅಲ್ಲಿ ಕೆಳಗೆ, ರಂಗದ ಎದುರಿನ ಮುಂದಿನ ಸಾಲು ಹಿಡಿಯಬೇಡಿ. ನಡುವೆ ವಾದ್ಯದವರು ಕೂರುವ ಗುಂಡಿ ಇರುತ್ತದೆ, ಅದರಾಚೆ ರಂಗ ಎತ್ತರ. ಕಾಲಿನ ತುದಿಯೇ ಕಾಣದಿದ್ದರೆ ಬ್ಯಾಲೆಯಲ್ಲಿ ಮತ್ತೇನು ನೋಡುವುದು? ಮೇಲಿನಿಂದ ಕಾಲೂ ಕಾಣುತ್ತದೆ, ಇಪ್ಪತ್ತು ಮೂವತ್ತು ಹುಡುಗಿಯರು ಸಾಲು ಕಟ್ಟಿ, ಸುತ್ತು ತಿರುಗಿ ಬಿಡಿಸುವ ಚಿತ್ರವೂ ಕಾಣುತ್ತದೆ. ಅಂಗಳದ ರಂಗೋಲಿಯನ್ನು ಜಗಲಿಯಲ್ಲಿ ನಿಂತು ನೋಡಿದ ಹಾಗೆ.

ಒಪೆರಾದ ಲೆಕ್ಕ ಬೇರೆ. ಸಾಮಾನ್ಯವಾಗಿ ಮೈಕ್ ಇಲ್ಲದೆ ಹಾಡುತ್ತಾರೆ, ಹಾಗಾಗಿ ಕಣ್ಣಿಗಿಂತ ಕಿವಿ ಮುಖ್ಯ. ನಮ್ಮಲ್ಲೂ ಭಾಗವತರ ಪದ ಕೇಳಲೆಂದೇ ಬಂದ ಹಿರಿಯರು ಚೆಂಡೆಯ ಹತ್ತಿರ ಕೂರುವುದಿಲ್ಲ, ಅಲ್ವಾ? ಮೇಲಿನ ಗ್ಯಾಲರಿ ಅಗ್ಗ, ಆದರೆ ಸ್ವರ ಅಲ್ಲಿಗೆ ಚೆನ್ನಾಗಿ ಏರಿ ಬರುತ್ತದೆ. ಇಟಲಿಯ ಮಿಲಾನಿನ ಲಾ ಸ್ಕಾಲಾ ಒಪೆರಾ ಥಿಯೇಟರಿನಲ್ಲಿ ಶ್ರುತಿ ತಪ್ಪಿದ ಗಾಯಕರನ್ನು ಕೂಗಿ ಹಂಗಿಸುವ ಪಕ್ಕಾ ರಸಿಕರು ಕೂರುವುದೂ ಈ ಮೇಲಿನ ಗ್ಯಾಲರಿಯಲ್ಲೇ. ಕೆಳಗೆ ತಗೊಂಡರೆ ಮಹಡಿಯ ಅಡಿಗೆ ಬರುವ ಹಿಂದಿನ ಸಾಲು ಬೇಡ, ಸ್ವರ ಮಂಕಾಗುತ್ತದೆ. ಭಾಷೆಯ ಚಿಂತೆ ಬಿಡಿ. ವಿಯೆನ್ನಾ ಸ್ಟೇಟ್ ಒಪೆರಾದಲ್ಲಿ ಸೀಟಿನ ಎದುರೇ ಪುಟ್ಟ ಪರದೆ ಇದೆ, ಹಾಡಿನ ಮಾತು ಅದರಲ್ಲಿ ಇಂಗ್ಲಿಷಿನಲ್ಲೂ ಬರುತ್ತದೆ.

ಅಲ್ಲಿ ನಿಂತು ನೋಡುವ ಅಗ್ಗದ ಟಿಕೆಟ್ಟೂ ಇದೆ. ಕೆಳಗಡೆ, ಸೀಟುಗಳ ಹಿಂದೆ ನಿಂತರೆ ರಂಗ ನೇರ ಎದುರಿಗೆ. ಜಾಗ ಹಿಡಿಯಲು ಕಂಬಿಗೆ ಶಾಲು ಕಟ್ಟಿ ಹೋಗುತ್ತಾರೆ! ನಮ್ಮ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿದ ಹಾಗೆಯೇ. ಆದರೆ ಮೂರು ಗಂಟೆ ನಿಲ್ಲಲು ಮೊಣಕಾಲು ಗಟ್ಟಿ ಬೇಕು. ನಾನಂತೂ ಕೈಮುಗಿದೆ.

ಬುಕ್ ಮಾಡುವಾಗ ಸೀಟಿನ ಹೆಸರಿನ ಜೊತೆ ‘ಲಿಮಿಟೆಡ್ ವ್ಯೂ’ ಅಂತ ಬರೆದಿದ್ದರೆ ಬಿಟ್ಟುಬಿಡಿ. ಮತ್ತೆ, ಅರ್ಧ ಗಂಟೆ ಮೊದಲೇ ಹೋಗಿ. ಆಟದ ಹಾಗೆ ನಡುವೆ ಎದ್ದು ಚಾ ಕುಡಿದು ಬರುತ್ತೇನೆ ಅಂದರೆ ಆಗುವುದಿಲ್ಲ, ಬಾಗಿಲು ಹಾಕಿದ ಮೇಲೆ ಒಳಗೆ ಬಿಡುವುದೇ ಕಷ್ಟ.